ಸರ್ ಜಮ್‌ಶೇಟ್‌ಜಿ ಜೀಜೀಭಾಯಿ: ಒಬ್ಬ ವರ್ತಕರ ಜಮೆಯೂ ಖರ್ಚೂ

ಮುಂಬಯಿಗೆ ಹೊಟ್ಟೆಪಾಡಿಗೆಂದು ಬಂದ ಕನ್ನಡಿಗನಿಗೆ ಜೇಜೇ ಆಸ್ಪತ್ರೆಯ ಹೆಸರು ಬಹು ಬೇಗನೆ ಪರಿಚಯವಾಗುತ್ತದೆ. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು, ಹೋಟೆಲಿನ ಒಲೆಯ ಮುಂದೆ ಮೈ ಸುಟ್ಟುಕೊಂಡ ಹುಡುಗರು, ಊರಿನಿಂದ ಬಂದ ಹೊಸದರಲ್ಲೇ ಜ್ವರ ಹಿಡಿದು ಮಲಗಿದವರು, ಹೀಗೆ ನಮ್ಮವರೆಷ್ಟೋ ಮಂದಿ ಅದರ ಮೆಟ್ಟಿಲು ಹತ್ತಿ ಗುಣಹೊಂದಿ ಇಳಿದಿದ್ದಾರೆ. ಮಾಹೀಮಿನಿಂದ ಬಾಂದ್ರಾಕ್ಕೆ ಹೋಗುವ ಕಟ್ಟೆಯ ರಸ್ತೆಯನ್ನು ದಿನವೂ ದಾಟುವವರು ನಮ್ಮಲ್ಲುಂಟು. ಪುಣೆಯ ಬಂಡ್ ಗಾರ್ಡನ್ನಿನಲ್ಲಿ ಸಂಜೆಯ ಗಾಳಿ ಸೇವಿಸುವವರೂ, ಮುಂಬಯಿಯ ಜೇಜೇ ಚಿತ್ರಕಲಾ ಶಾಲೆಯ ಮುಂದೆ ನಡೆದು ಕೆಲಸಕ್ಕೆ ಹೋಗುವವರೂ ಉಂಟು. ಇವೆಲ್ಲದರ ಹಿಂದೆ ಇರುವುದು ಒಂದೇ ಮನೆತನದ ಹಣ, ಒಬ್ಬ ಪಾರ್ಸಿ ವರ್ತಕರ ಗಳಿಕೆ. ಅವರೇ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರು.

ಅವರು ದಾನಶೂರರೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ದಾನದ ಹಣ ಯಾವ ಸರಕಿನಿಂದ ಬಂದಿತು, ಆ ಸರಕು ಒಮ್ಮೆ ಚೀನದ ಕಡಲತೀರದಲ್ಲಿ ಹೇಗೆ ಉಪ್ಪುನೀರಿನ ಪಾಲಾಯಿತು, ಅದರ ಬೆಲೆಯನ್ನು ಮರಳಿ ಪಡೆಯಲು ಮುಂಬಯಿಯ ವರ್ತಕರು ಬ್ರಿಟಿಷ್ ಸರಕಾರದೊಡನೆ ಹೇಗೆ ಹೆಣಗಿದರು, ಕೊನೆಗೆ ಅದನ್ನು ತೆತ್ತವರು ಯಾರು ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಆ ವೃತ್ತಾಂತವನ್ನು ಬಿಟ್ಟು ಅವರ ಜೀವನವನ್ನು ಬರೆದರೆ ಖಾತೆಪುಸ್ತಕದ ಒಂದೇ ಮಗ್ಗುಲನ್ನು ವಾಚಕರ ಮುಂದಿಟ್ಟಂತಾಗುತ್ತದೆ.

ಬಾಲ್ಯ ಮತ್ತು ಕಡಲಯಾನ

ಜಮ್‌ಶೇಟ್‌ಜಿಯವರು ಹುಟ್ಟಿದ್ದು ೧೭೮೩ನೆಯ ಇಸವಿ ಜುಲೈ ೧೫ರಂದು. ಅವರ ಮನೆತನದ ಬೇರು ಗುಜರಾತಿನ ನವಸಾರಿಯಲ್ಲಿತ್ತು. ಹೇಳಿಕೊಳ್ಳುವಂಥ ಆಸ್ತಿಯಾಗಲಿ ವಿದ್ಯೆಯಾಗಲಿ ಆ ಮನೆಯಲ್ಲಿರಲಿಲ್ಲ. ೧೬ರ ಹರೆಯದಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬಯಿಯಲ್ಲಿದ್ದ ಸೋದರಮಾವ ಫ್ರಾಮ್‌ಜಿ ನಸರವಾನ್‌ಜಿ ಬಾಟ್ಲಿವಾಲಾ ಅವರ ಆಶ್ರಯಕ್ಕೆ ಬಂದನು. ಮಾವನದು ಬಾಟ್ಲಿಗಳ ವ್ಯಾಪಾರ. ಮನೆತನದ ಹೆಸರೂ ಅದರಿಂದಲೇ ಬಂದುದು. ಖಾಲಿ ಬಾಟ್ಲಿಗಳ ಲೆಕ್ಕವಿಡುವುದು, ಗುಜರಾತಿಯಲ್ಲಿ ಜಮಾಖರ್ಚು ಬರೆಯುವುದು, ಗಿರಾಕಿಗಳೊಡನೆ ವ್ಯವಹರಿಸಲು ಬೇಕಾದಷ್ಟು ಇಂಗ್ಲಿಷ್ ಕಲಿಯುವುದು, ಇದೇ ಅವನ ಪಾಠಶಾಲೆಯಾಯಿತು. ಮುಂದೆ ೧೮೦೩ರಲ್ಲಿ ಮಾವನ ಮಗಳಾದ ಆವಾಬಾಯಿಯವರೊಡನೆ ಅವರ ವಿವಾಹವಾಯಿತು.

ಆಗ ಮುಂಬಯಿಯಲ್ಲಿ ದುಡ್ಡು ಮಾಡಬೇಕೆಂಬವನು ಮುಖ ಮಾಡುತ್ತಿದ್ದುದು ಚೀನದ ಕಡೆಗೆ. ಪಾರ್ಸಿ ವರ್ತಕರು ಗುಜರಾತಿನ ಹತ್ತಿಯನ್ನು ಹಡಗುಗಳಲ್ಲಿ ತುಂಬಿ ಕ್ಯಾಂಟನ್ ಬಂದರಿಗೆ ಒಯ್ದು, ಅಲ್ಲಿಂದ ರೇಷ್ಮೆ, ಸಕ್ಕರೆ ಮತ್ತು ಬೆಳ್ಳಿಯನ್ನು ತರುತ್ತಿದ್ದರು. ತರುಣ ಜಮ್‌ಶೇಟ್‌ಜಿಯವರೂ ಇದೇ ಮಾರ್ಗವನ್ನು ಹಿಡಿದು ಒಟ್ಟು ಐದು ಬಾರಿ ಚೀನ ಯಾತ್ರೆ ಮಾಡಿದರು. ಹಾಯಿಹಡಗಿನ ಕಾಲವದು. ಗಾಳಿಯ ದಯೆ, ಕಡಲ್ಗಳ್ಳರ ಭಯ, ಅದರ ಮೇಲೆ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆಯುತ್ತಿದ್ದ ಯುದ್ಧ.

ನಾಲ್ಕನೆಯ ಯಾನದಲ್ಲಿ, ೧೮೦೫ರಲ್ಲಿ, ಅವರಿದ್ದ ಬ್ರನ್ಸ್‌ವಿಕ್ ಎಂಬ ಹಡಗನ್ನು ಸಿಂಹಳದ ಸಮೀಪದಲ್ಲಿ ಫ್ರೆಂಚ್ ಯುದ್ಧನೌಕೆಗಳು ಹಿಡಿದವು. ಸರಕೆಲ್ಲ ವೈರಿಯ ಪಾಲಾಯಿತು. ಪ್ರಯಾಣಿಕರನ್ನು ಆಫ್ರಿಕದ ದಕ್ಷಿಣ ತುದಿಯವರೆಗೆ ಒಯ್ದು ಇಳಿಸಲಾಯಿತು. ಉಟ್ಟ ಬಟ್ಟೆಯೊಂದಿಗೆ ಉಳಿದ ಜಮ್‌ಶೇಟ್‌ಜಿಯವರು ಡೇನಿಷ್ ಹಡಗೊಂದನ್ನು ಹತ್ತಿ ಕಲಕತ್ತೆಗೆ ಬಂದು, ಅಲ್ಲಿಂದ ಮನೆ ಸೇರಿದರು. ಸರಕು ಜಪ್ತಿಯಾಗುವುದೆಂದರೇನೆಂಬ ಮೊದಲ ಅನುಭವ ಅವರಿಗಾದದ್ದು ಹೀಗೆ. ಆದರೆ ಆ ನಷ್ಟದಲ್ಲಿಯೇ ಒಂದು ಲಾಭವೂ ಅಡಗಿತ್ತು. ಅದೇ ಹಡಗಿನಲ್ಲಿ ವೈದ್ಯನಾಗಿದ್ದ ವಿಲಿಯಂ ಜಾರ್ಡಿನ್ ಎಂಬ ಸ್ಕಾಟ್ಲೆಂಡಿನ ತರುಣನ ಪರಿಚಯ ಅವರಿಗಾಯಿತು. ಮುಂದೆ ಈ ಜಾರ್ಡಿನ್ ವೈದ್ಯವೃತ್ತಿಯನ್ನು ಬಿಟ್ಟು ವ್ಯಾಪಾರಕ್ಕಿಳಿದು, ೧೮೩೨ರಲ್ಲಿ ಜೇಮ್ಸ್ ಮ್ಯಾಥೆಸನ್ನನೊಡನೆ ಸೇರಿ ಕ್ಯಾಂಟನ್ನಿನ ಅತಿ ದೊಡ್ಡ ಪೇಢಿಯನ್ನು ಕಟ್ಟಿದನು. ಆ ಪೇಢಿಗೆ ಮುಂಬಯಿಯಿಂದ ಸರಕು ಕಳಿಸುತ್ತಿದ್ದವರಲ್ಲಿ ಜಮ್‌ಶೇಟ್‌ಜಿಯವರೇ ಅಗ್ರಗಣ್ಯರಾದರು. ಸೆರೆಯಲ್ಲಿ ಹುಟ್ಟಿದ ಪರಿಚಯ ಜೀವಮಾನದ ವ್ಯವಹಾರವಾಗಿ ಬೆಳೆಯಿತು.

೧೮೦೭ರ ಐದನೆಯ ಯಾನದ ಬಳಿಕ ಅವರು ಕಡಲನ್ನು ಬಿಟ್ಟು ಮುಂಬಯಿಯಲ್ಲಿಯೇ ನೆಲೆನಿಂತರು. ಸ್ವಂತ ಹಡಗುಗಳನ್ನು ಕೊಂಡರು. ಅವರ ಪೇಢಿಯ ಪಾಲುದಾರರ ಹೆಸರುಗಳನ್ನು ಕೇಳಿದರೆ ಮುಂಬಯಿಯ ಗುಣವೇ ಕಣ್ಣಿಗೆ ಕಟ್ಟುತ್ತದೆ. ಮೋತಿಚಂದ್ ಅಮೀಚಂದ್ ಜೈನರು, ಮಹಮ್ಮದ್ ಅಲಿ ರೋಗೆ ಕೊಂಕಣದ ಮುಸಲ್ಮಾನರು, ರೋಜೇರಿಯೋ ದ ಫಾರಿಯಾ ಗೋವೆಯ ಕ್ರೈಸ್ತರು. ದೇವರು ಬೇರೆಯಾದರೂ ರೋಕಡಿ ಒಂದೇ ಎಂಬ ಈ ಊರಿನ ನೀತಿ ಅಂದಿನಿಂದಲೂ ನಡೆದುಬಂದುದು.

ಹತ್ತಿಯಿಂದ ಅಫೀಮಿಗೆ

ಹತ್ತಿಯ ವ್ಯಾಪಾರದಲ್ಲಿ ಲಾಭವಿತ್ತು. ಅಫೀಮಿನ ವ್ಯಾಪಾರದಲ್ಲಿ ಅದಕ್ಕಿಂತಲೂ ಹೆಚ್ಚಿನ ಲಾಭವಿತ್ತು. ಇಲ್ಲಿ ಆ ವ್ಯಾಪಾರದ ರೀತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಇಂಗ್ಲೆಂಡಿನ ಮನೆಮನೆಯಲ್ಲಿ ಚಹಾದ ಚಟ ಹತ್ತಿತ್ತು. ಚಹಾ ದೊರೆಯುತ್ತಿದ್ದುದು ಚೀನದಲ್ಲಿ ಮಾತ್ರ. ಚೀನದವರಿಗೆ ಇಂಗ್ಲಿಷರ ಸರಕು ಬೇಕಿರಲಿಲ್ಲ. ಆದುದರಿಂದ ಚಹಾಕ್ಕೆ ಬೆಳ್ಳಿಯನ್ನೇ ಕೊಡಬೇಕಾಗುತ್ತಿತ್ತು. ಈ ಬೆಳ್ಳಿಯ ಹೊಳೆಯನ್ನು ಹಿಂದಕ್ಕೆ ತಿರುಗಿಸಿದ ವಸ್ತುವೇ ಹಿಂದುಸ್ತಾನದ ಅಫೀಮು. ಬಂಗಾಳ ಮತ್ತು ಬಿಹಾರಗಳಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತಾನೇ ಅದನ್ನು ಬೆಳೆಯಿಸಿ, ಪೆಟ್ಟಿಗೆಗಳಲ್ಲಿ ತುಂಬಿಸಿ, ಕಲಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಆದರೆ ತನ್ನ ಹಡಗುಗಳಲ್ಲಿ ಚೀನಕ್ಕೆ ಒಯ್ಯುತ್ತಿರಲಿಲ್ಲ. ಏಕೆಂದರೆ ಚೀನದ ಚಕ್ರವರ್ತಿಯು ೧೭೨೯ರಷ್ಟು ಹಿಂದೆಯೇ ಅಫೀಮು ಸೇದುವುದರ ವಿರುದ್ಧ ಆಜ್ಞೆ ಹೊರಡಿಸಿದ್ದನು. ಅನಂತರ ಅದರ ಆಮದನ್ನೂ ನಿಷೇಧಿಸಲಾಗಿತ್ತು. ಕಂಪೆನಿಯು ತನ್ನ ಕೈಗೆ ಮಸಿ ಹತ್ತಗೊಡದೆ, ಒಯ್ಯುವ ಕೆಲಸವನ್ನು ಖಾಸಗಿ ವರ್ತಕರಿಗೆ ಬಿಟ್ಟಿತು.

ಪಶ್ಚಿಮದಲ್ಲಿ ಮಾಳವದ ಅಫೀಮು ದೇಶೀಯ ಸಂಸ್ಥಾನಗಳ ಸೀಮೆಯಲ್ಲಿ ಬೆಳೆಯುತ್ತಿತ್ತು. ಅದು ಕಂಪೆನಿಯ ಹಿಡಿತಕ್ಕೆ ಸಿಕ್ಕದೆ, ಪೋರ್ತುಗೀಜರ ದಮನ್ ಬಂದರಿನಿಂದ ಹೊರಬೀಳುತ್ತಿತ್ತು. ತಡೆಯಲು ನೋಡಿ ಸೋತ ಕಂಪೆನಿಯು ೧೮೩೦ರ ದಶಕದ ಆರಂಭದಲ್ಲಿ ಉಪಾಯವನ್ನು ಬದಲಿಸಿತು. ಪೆಟ್ಟಿಗೆಗೆ ೧೭೫ ರೂಪಾಯಿ ರಹದಾರಿ ಶುಲ್ಕ ಕೊಟ್ಟರೆ ಮುಂಬಯಿ ಬಂದರಿನಿಂದಲೇ ಸಾಗಿಸಬಹುದೆಂದು ಅನುಮತಿ ನೀಡಿತು. ೧೮೩೫ರಲ್ಲಿ ಆ ಶುಲ್ಕವನ್ನು ೧೨೫ ರೂಪಾಯಿಗೆ ಇಳಿಸಿತು. ಹೀಗೆ ಮುಂಬಯಿಯ ಬಂದರಿನಲ್ಲಿ ಅಫೀಮಿನ ಪೆಟ್ಟಿಗೆಯೊಂದು ಸರಕಾರದ ಪರವಾನಗಿ ಪಡೆದ ಶುದ್ಧ ಸರಕು. ಅದೇ ಪೆಟ್ಟಿಗೆ ಚೀನದ ನೀರನ್ನು ಮುಟ್ಟಿತೆಂದರೆ ಕಳ್ಳಮಾಲು. ಲಿಂಟಿನ್ ಎಂಬ ದ್ವೀಪದ ಬಳಿ ಲಂಗರು ಹಾಕಿದ ಹಡಗುಗಳೇ ಅದರ ಉಗ್ರಾಣ. ಅಲ್ಲಿಂದ ಚೀನದ ದೋಣಿಗಳು ರಾತ್ರಿ ಹೊತ್ತು ಕರೆಯ ಕಡೆಗೆ ಒಯ್ಯುತ್ತಿದ್ದವು. ಕಾವಲಿನ ಅಧಿಕಾರಿಗಳಿಗೆ ಅವರ ಪಾಲು ಸಲ್ಲುತ್ತಿತ್ತು.

ಐದು ಬಾರಿ ಕ್ಯಾಂಟನ್ನಿಗೆ ಹೋಗಿಬಂದ ಜಮ್‌ಶೇಟ್‌ಜಿಯವರಿಗೆ ಇದೆಲ್ಲ ತಿಳಿಯದ ವಿಷಯವಾಗಿರಲು ಸಾಧ್ಯವಿಲ್ಲ. ಅವರ ಸಂಪತ್ತಿನ ಬಹುಭಾಗ ಬೆಳೆದುದು ಈ ಮಾರ್ಗದಲ್ಲಿಯೇ. ಮುಂಬಯಿಯಲ್ಲಿ ಅವರ ಗೌರವವೂ ಅದರೊಡನೆ ಬೆಳೆಯಿತು. ೧೮೩೪ರಲ್ಲಿ ಜಸ್ಟಿಸ್ ಆಫ್ ದಿ ಪೀಸ್ ಎಂಬ ಪದವಿಯನ್ನು ಪಡೆದ ಮೊದಲ ಭಾರತೀಯರಲ್ಲಿ ಅವರೊಬ್ಬರಾದರು.

ಕ್ಯಾಂಟನ್ನಿನ ಜಪ್ತಿ

೧೮೩೯ರ ಮಾರ್ಚ್ ೧೦ರಂದು ಕ್ಯಾಂಟನ್ ನಗರಕ್ಕೆ ಲಿನ್ ಜೆಶು ಎಂಬ ಅಧಿಕಾರಿ ಬಂದಿಳಿದರು. ಲಂಚಕ್ಕೆ ಕೈಯೊಡ್ಡದವರೆಂದು ಹೆಸರಾದ ಅವರನ್ನು ಚಕ್ರವರ್ತಿಯು ಅಫೀಮಿನ ಪಿಡುಗನ್ನು ನಿಲ್ಲಿಸಲೆಂದೇ ವಿಶೇಷಾಧಿಕಾರ ಕೊಟ್ಟು ಕಳಿಸಿದ್ದನು. ವಾರ ಕಳೆಯುವಷ್ಟರಲ್ಲಿ ಅವರ ಆಜ್ಞೆ ಹೊರಟಿತು: ವಿದೇಶೀ ವರ್ತಕರು ತಮ್ಮಲ್ಲಿರುವ ಅಫೀಮನ್ನೆಲ್ಲ ಒಪ್ಪಿಸಬೇಕು, ಇನ್ನು ಮುಂದೆ ತರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ವರ್ತಕರು ಹಿಂದಿನ ಅನುಭವದಂತೆ ಸಾವಿರದಷ್ಟು ಪೆಟ್ಟಿಗೆಗಳನ್ನು ಮುಂದಿಟ್ಟು ಪಾರಾಗಬಹುದೆಂದು ಎಣಿಸಿದರು. ಲಿನ್ ಅವರು ಅದಕ್ಕೆ ಒಪ್ಪುವವರಾಗಿರಲಿಲ್ಲ. ಮಾರ್ಚ್ ೨೪ರಂದು ವಿದೇಶೀಯರ ಕೋಠಿಗಳನ್ನು ಸುತ್ತುಗಟ್ಟಲಾಯಿತು. ಚೀನೀ ಆಳುಗಳೆಲ್ಲ ಹೊರಟುಹೋದರು. ಕೋಟ್ಯಧೀಶರಾದ ವರ್ತಕರು ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳಬೇಕಾಯಿತು. ಒಳಗೆ ಸಿಕ್ಕಿಬಿದ್ದವರಲ್ಲಿ ಇಂಗ್ಲಿಷರು, ಅಮೆರಿಕನರು ಮಾತ್ರವಲ್ಲ, ಮುಂಬಯಿಯ ಪಾರ್ಸಿಗಳೂ ಇದ್ದರು. ಈ ದಿಗ್ಬಂಧನ ಸುಮಾರು ಆರು ವಾರ ನಡೆಯಿತು.

ಈ ಹಂತದಲ್ಲಿ ಬ್ರಿಟಿಷ್ ಸರಕಾರದ ಪ್ರತಿನಿಧಿಯಾಗಿದ್ದ ಚಾರ್ಲ್ಸ್ ಎಲಿಯಟ್ ಅವರು ಮಾಡಿದ ಒಂದು ಕೆಲಸ ಇಡೀ ವಿವಾದದ ಸ್ವರೂಪವನ್ನೇ ಬದಲಿಸಿತು. ಮಾರ್ಚ್ ೨೭ರಂದು ಅವರು, ಬ್ರಿಟಿಷ್ ಪ್ರಜೆಗಳೆಲ್ಲರೂ ತಮ್ಮ ವಶದಲ್ಲಿರುವ ಅಫೀಮನ್ನು ತನಗೆ ಒಪ್ಪಿಸಬೇಕೆಂದೂ, ಅದರ ಬೆಲೆಗೆ ಬ್ರಿಟಿಷ್ ಸರಕಾರವೇ ಹೊಣೆಯೆಂದೂ ಲಿಖಿತ ಆದೇಶ ಹೊರಡಿಸಿದರು. ಅದುವರೆಗೆ ಅದು ಕಳ್ಳಮಾಲು. ಹೋದರೆ ಕೇಳುವ ಹಕ್ಕು ಒಡೆಯನಿಗಿರಲಿಲ್ಲ. ಆ ಆದೇಶದ ಕ್ಷಣದಿಂದ ಅದು ರಾಣಿಯ ಸರಕಾರದ ಜವಾಬ್ದಾರಿಯ ಮಾಲಾಯಿತು. ಕೊಳ್ಳುವವರಿಲ್ಲದೆ ಬಿದ್ದಿದ್ದ ಸರಕಿಗೆ ಸಾಮ್ರಾಜ್ಯವೇ ಗಿರಾಕಿಯಾಗಿ ದೊರೆತಂತಾದಾಗ ವರ್ತಕರು ಸಂತೋಷದಿಂದಲೇ ಒಪ್ಪಿಸಿದರು. ಒಟ್ಟು ೨೦,೨೮೩ ಪೆಟ್ಟಿಗೆಗಳು. ಪೆಟ್ಟಿಗೆಯೊಂದರಲ್ಲಿ ಹೆಚ್ಚು ಕಡಿಮೆ ೧೪೦ ರಾತ್ತಲು ಅಫೀಮು. ಅವುಗಳಲ್ಲಿ ಏಳು ಸಾವಿರದಷ್ಟು ಜಾರ್ಡಿನ್ ಮ್ಯಾಥೆಸನ್ ಪೇಢಿಯೊಂದರ ಮೂಲಕವೇ ಬಂದವು. ಆದರೆ ಪೇಢಿ ಕೇವಲ ಅಡತಿಯದು. ಸರಕಿನ ನಿಜವಾದ ಒಡೆಯರಲ್ಲಿ ಬಹುಮಂದಿ ಇದ್ದುದು ಸಾವಿರಾರು ಮೈಲು ದೂರದಲ್ಲಿ, ಮುಂಬಯಿಯಲ್ಲಿ.

ಲಿನ್ ಅವರು ಆ ಅಫೀಮನ್ನು ಮಾರಲಿಲ್ಲ, ಉಗ್ರಾಣದಲ್ಲಿಯೂ ಇಡಲಿಲ್ಲ. ಹೂಮೆನ್ ಎಂಬ ಸ್ಥಳದಲ್ಲಿ ಕಡಲ ಬದಿಗೆ ದೊಡ್ಡ ಹೊಂಡಗಳನ್ನು ತೋಡಿಸಿ, ನೀರು ತುಂಬಿಸಿ, ಉಪ್ಪು ಮತ್ತು ಸುಣ್ಣಗಳೊಡನೆ ಅದನ್ನು ಕದಡಿಸಿ, ಇಳಿತದ ಹೊತ್ತಿಗೆ ಸಮುದ್ರಕ್ಕೆ ಬಿಡಿಸಿದರು. ಜೂನ್ ೩ರಂದು ಆರಂಭವಾದ ಈ ಕಾರ್ಯ ಮೂರು ವಾರಗಳಿಗೂ ಮಿಕ್ಕಿ ನಡೆಯಿತು. ಕೂಲಿಯವನೊಬ್ಬ ಒಂದು ಉಂಡೆಯನ್ನು ಕದ್ದರೂ ಶಿಕ್ಷೆ ತಪ್ಪದಂತೆ ಕಾವಲಿತ್ತು.

ಮುಂಬಯಿಯ ಮನವಿ

ಸುದ್ದಿ ಮುಂಬಯಿಗೆ ಮುಟ್ಟಿದಾಗ ಪೇಟೆಯೇ ತಲ್ಲಣಿಸಿತು. ಅಫೀಮಿನ ವ್ಯಾಪಾರ ಸಾಲದ ಮೇಲೆ ನಿಂತ ವ್ಯಾಪಾರ. ಮಾಳವದ ಸಾಹುಕಾರನಿಗೆ ಹುಂಡಿ, ಹಡಗಿನವನಿಗೆ ಬಾಡಿಗೆ, ವಿಮೆಯವನಿಗೆ ಕಂತು, ಸರಕಾರಕ್ಕೆ ರಹದಾರಿ ಶುಲ್ಕ, ಇವೆಲ್ಲವನ್ನೂ ತೆತ್ತು ಕಳಿಸಿದ ಸರಕಿನ ಹಣ ಚೀನದಿಂದ ಮರಳಿ ಬಂದಮೇಲೆಯೇ ಸಾಲ ತೀರುವುದು. ಈಗ ಹಣದ ಬದಲಿಗೆ ಬಂದುದು ಎಲಿಯಟ್ ಅವರ ರುಜುವಿನ ರಸೀದಿಗಳು. ಆ ಕಾಗದವನ್ನು ಮುಂದಿಟ್ಟರೆ ಸಾಲಗಾರನು ಬಾಗಿಲಿನಿಂದ ಕದಲುವನೇ?

ಮುಂಬಯಿಯ ವರ್ತಕರು ಒಟ್ಟಾಗಿ ಲಂಡನ್ನಿನ ಸರಕಾರಕ್ಕೆ ಮೊರೆಯಿಟ್ಟರು. ಅವರ ಮುಂಚೂಣಿಯಲ್ಲಿ ನಿಂತವರು ಜಮ್‌ಶೇಟ್‌ಜಿಯವರು. ಅದೇ ವರ್ಷದ ಆರಂಭದಲ್ಲಿ ಕ್ಯಾಂಟನ್ನನ್ನು ಬಿಟ್ಟು ಇಂಗ್ಲೆಂಡಿಗೆ ಹೊರಟಿದ್ದ ಹಳೆಯ ಮಿತ್ರ ಜಾರ್ಡಿನ್ ಲಂಡನ್ನಿನಲ್ಲಿ ಮಂತ್ರಿಗಳ ಬಾಗಿಲು ತಟ್ಟತೊಡಗಿದನು.

ವರ್ತಕರ ವಾದ ಸರಳವಾಗಿತ್ತು. ಈ ಸರಕನ್ನು ಬಂಗಾಳದಲ್ಲಿ ಬೆಳೆಯಿಸಿ ಹರಾಜು ಹಾಕುವವರು ಕಂಪೆನಿಯವರು. ಮಾಳವದ ಸರಕಿಗೆ ಪೆಟ್ಟಿಗೆಯ ಲೆಕ್ಕದಲ್ಲಿ ಶುಲ್ಕ ವಸೂಲು ಮಾಡಿ ಪರವಾನಗಿ ಕೊಟ್ಟವರೂ ಅವರೇ. ಅದು ಎಲ್ಲಿಗೆ ಹೋಗುತ್ತದೆಂಬುದು ಸರಕಾರಕ್ಕೆ ತಿಳಿದೇ ಇತ್ತು. ತಾವು ಅದನ್ನು ಒಪ್ಪಿಸಿದುದು ಚೀನದ ಅಧಿಕಾರಿಗಲ್ಲ, ಬ್ರಿಟಿಷ್ ಸರಕಾರದ ಪ್ರತಿನಿಧಿಗೆ, ಆತನ ಲಿಖಿತ ಆದೇಶದ ಮೇಲೆ. ಆದುದರಿಂದ ಬೆಲೆಯನ್ನು ಕೊಡತಕ್ಕದ್ದು ಸರಕಾರದ ಧರ್ಮ.

ಸರಕಾರದ ಉತ್ತರವೂ ಸರಳವಾಗಿತ್ತು. ಎಲಿಯಟ್ ಅವರಿಗೆ ಖಜಾನೆಯನ್ನು ಹೀಗೆ ಹೊಣೆಗೆ ಗುರಿಮಾಡುವ ಅಧಿಕಾರವಿರಲಿಲ್ಲ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಣ ಕೊಡುವಂತಿಲ್ಲ. ನಿಷಿದ್ಧ ಸರಕಿಗಾಗಿ ಇಂಗ್ಲೆಂಡಿನ ಪ್ರಜೆ ಕಂದಾಯ ಕಟ್ಟಬೇಕೆಂದರೆ ಪಾರ್ಲಿಮೆಂಟು ಒಪ್ಪುವುದಿಲ್ಲ. ಲಾಭದ ಕಾಲದಲ್ಲಿ ಪಾಲುದಾರನಾಗಿದ್ದ ಸರಕಾರ ನಷ್ಟದ ಕಾಲದಲ್ಲಿ ಅಪರಿಚಿತನಂತೆ ಮುಖ ತಿರುಗಿಸಿತು. ಅಧಿಕಾರಿಗಳೊಡನೆ ವ್ಯವಹರಿಸಿದ ಯಾವ ವ್ಯಾಪಾರಿಗೂ ಇದು ಹೊಸ ಅನುಭವವಲ್ಲ.

ಹಾಗಾದರೆ ಹಣ ಬರುವುದೆಲ್ಲಿಂದ? ಮಂತ್ರಿಮಂಡಲವು ಕಂಡುಕೊಂಡ ದಾರಿ ಯುದ್ಧ. ಚೀನದಿಂದಲೇ ಅಫೀಮಿನ ಬೆಲೆಯನ್ನು ವಸೂಲು ಮಾಡುವುದೆಂದು ನೌಕಾಪಡೆಯನ್ನು ಕಳಿಸಲಾಯಿತು. ೧೮೪೦ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ ಸರಕಾರದ ಚೀನ ನೀತಿಯನ್ನು ಖಂಡಿಸುವ ನಿರ್ಣಯ ಬಂದಾಗ, ತರುಣ ಗ್ಲ್ಯಾಡ್‌ಸ್ಟನ್ನರು ಈ ಯುದ್ಧದ ಅಧರ್ಮವನ್ನು ಕಟುವಾಗಿ ಎತ್ತಿತೋರಿಸಿದರು. ಆ ನಿರ್ಣಯ ಬಿದ್ದುದು ಕೇವಲ ೯ ಮತಗಳಿಂದ. ಅಷ್ಟೇ ಅಂತರದಲ್ಲಿ ಯುದ್ಧ ಮುಂದುವರಿಯಿತು. ಹಿಂದುಸ್ತಾನದ ಸಿಪಾಯಿಗಳನ್ನೂ ಅದಕ್ಕೆ ಒಯ್ದರು.

೧೮೪೨ರ ಆಗಸ್ಟ್ ೨೯ರಂದು ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಬಿದ್ದಿತು. ಸೋತ ಚೀನವು ಹಾಂಗ್‌ಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟಿತು. ಐದು ಬಂದರುಗಳನ್ನು ತೆರೆಯಿತು. ೨ ಕೋಟಿ ೧೦ ಲಕ್ಷ ಬೆಳ್ಳಿ ಡಾಲರುಗಳನ್ನು ತೆರಲು ಒಪ್ಪಿತು. ಅದರಲ್ಲಿ ೧ ಕೋಟಿ ೨೦ ಲಕ್ಷ ಯುದ್ಧದ ಖರ್ಚಿಗೆ, ೩೦ ಲಕ್ಷ ಚೀನೀ ವರ್ತಕರ ಸಾಲಕ್ಕೆ, ಉಳಿದ ೬೦ ಲಕ್ಷ ಹೂಮೆನ್ನಿನಲ್ಲಿ ನೀರುಪಾಲಾದ ಅಫೀಮಿಗೆ. ತನ್ನ ಪ್ರಜೆಗಳಿಗೆ ವಿಷವೆಂದು ನಾಶಪಡಿಸಿದ ವಸ್ತುವಿಗೆ ಚೀನ ದೇಶವೇ ಬೆಲೆ ತೆರಬೇಕಾಯಿತು. ಆ ಹಣ ಮುಂಬಯಿಯ ವರ್ತಕರ ಕೈಸೇರಿದುದು ಜಪ್ತಿಯಾಗಿ ನಾಲ್ಕು ವರ್ಷಗಳು ಕಳೆದ ಮೇಲೆ. ಅದೂ ಅವರು ಕೇಳಿದುದಕ್ಕಿಂತ ಬಹಳ ಕಡಿಮೆ. ಅಷ್ಟು ಕಾಲ ತಾಳಿಕೊಳ್ಳುವ ಬಂಡವಾಳವಿದ್ದ ಜಮ್‌ಶೇಟ್‌ಜಿಯವರಂಥವರು ಉಳಿದುಕೊಂಡರು. ಸಾಲದ ಮೇಲೆ ನಿಂತ ಸಣ್ಣ ವರ್ತಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ದಾನದ ಕಾಲ

ಅದೇ ೧೮೪೨ರಲ್ಲಿ ವಿಕ್ಟೋರಿಯಾ ರಾಣಿಯು ಜಮ್‌ಶೇಟ್‌ಜಿಯವರಿಗೆ ನೈಟ್ ಪದವಿಯನ್ನು ಕೊಟ್ಟಳು. ಆ ಗೌರವ ಪಡೆದ ಮೊದಲ ಭಾರತೀಯರು ಅವರೇ. ಸರಕಿನ ಬೆಲೆಯನ್ನು ಕೊಡಲು ತಡಮಾಡಿದ ಸರಕಾರ ಬಿರುದನ್ನು ಕೊಡಲು ತಡಮಾಡಲಿಲ್ಲ.

ಮುಂದಿನ ಹದಿನೇಳು ವರ್ಷಗಳು ಅವರ ಜೀವನದ ಅತ್ಯುಜ್ವಲ ಭಾಗ. ಬಡವರಿಗೆ ಒಳ್ಳೆಯ ಚಿಕಿತ್ಸೆ ದೊರೆಯಬೇಕೆಂದು ಅವರು ಒಂದು ಲಕ್ಷಕ್ಕೂ ಮಿಕ್ಕಿ ರೂಪಾಯಿ ಕೊಟ್ಟು, ಸರಕಾರದಿಂದಲೂ ಪಾಲು ಹಾಕಿಸಿ ಕಟ್ಟಿಸಿದ ಆಸ್ಪತ್ರೆಗೆ ೧೮೪೩ರಲ್ಲಿ ಅಡಿಗಲ್ಲು ಬಿದ್ದಿತು. ೧೮೪೫ರಲ್ಲಿ ಬಾಗಿಲು ತೆರೆಯಿತು. ಅದರ ಪಕ್ಕದಲ್ಲಿ ಅದೇ ವರ್ಷ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಜಾತಿಮತಗಳ ಭೇದವಿಲ್ಲದೆ ರೋಗಿಗಳನ್ನು ಸೇರಿಸಿಕೊಂಡ ಆ ಸಂಸ್ಥೆಯಲ್ಲಿ ಅಂದಿನಿಂದ ಇಂದಿನವರೆಗೆ ಲೆಕ್ಕವಿಲ್ಲದಷ್ಟು ಜೀವಗಳು ಉಳಿದಿವೆ.

ಮಾಹೀಮಿನ ಖಾಡಿಯಲ್ಲಿ ದೋಣಿಗಳು ಮುಳುಗಿ ಜನ ಸಾಯುತ್ತಿದ್ದರು. ಕಟ್ಟೆ ಕಟ್ಟಲು ಸರಕಾರ ಹಣವಿಲ್ಲವೆಂದಾಗ ಲೇಡಿ ಆವಾಬಾಯಿಯವರು ಮುಂದೆ ಬಂದು ಒಂದೂವರೆ ಲಕ್ಷಕ್ಕೂ ಹೆಚ್ಚು ರೂಪಾಯಿಗಳನ್ನು ಕೊಟ್ಟರು. ದಾಟುವವರಿಂದ ಸುಂಕ ಪಡೆಯಕೂಡದೆಂಬುದೊಂದೇ ಅವರು ಹಾಕಿದ ನಿಬಂಧನೆ. ೧೮೪೫ರಲ್ಲಿ ಆ ಕಟ್ಟೆ ಸಂಚಾರಕ್ಕೆ ತೆರೆಯಿತು. ಇಂದಿಗೂ ಲೇಡಿ ಜಮ್‌ಶೇಟ್‌ಜಿ ರಸ್ತೆ ಆ ತಾಯಿಯ ಹೆಸರನ್ನು ಹೊತ್ತು ಮಾಹೀಮಿನ ಕಡೆಗೆ ಹರಿದಿದೆ. ಪುಣೆಯ ಜನರಿಗೆ ನೀರು ಒದಗಿಸಲು ಮುಳಾ ಮುಠಾ ನದಿಗೆ ಅಡ್ಡಲಾಗಿ ೧೮೫೦ರಲ್ಲಿ ಕಟ್ಟಿದ ಒಡ್ಡಿಗೆ ಹಣ ಕೊಟ್ಟವರೂ ಜಮ್‌ಶೇಟ್‌ಜಿಯವರೇ. ಬಂಡ್ ಗಾರ್ಡನ್ ಎಂಬ ಹೆಸರು ಬಂದುದು ಆ ಒಡ್ಡಿನಿಂದ. ೧೮೪೯ರಲ್ಲಿ ಬಡ ಪಾರ್ಸಿ ಮಕ್ಕಳ ವಿದ್ಯಾಭ್ಯಾಸಕ್ಕೆ ಸಂಸ್ಥೆಯೊಂದು ಆರಂಭವಾಯಿತು. ೧೮೫೭ರಲ್ಲಿ ಅವರ ಒಂದು ಲಕ್ಷ ರೂಪಾಯಿಗಳ ದಾನದಿಂದ ಚಿತ್ರಕಲಾ ಶಾಲೆ ತೆರೆಯಿತು. ಕಂಪೆನಿ ಸರಕಾರ ಮೈದಾನದಲ್ಲಿ ದನ ಮೇಯಿಸುವುದಕ್ಕೂ ಶುಲ್ಕ ಹಾಕಿದಾಗ, ಬಡವರ ದನಗಳಿಗೆಂದು ಅವರು ಠಾಕುರದ್ವಾರದ ಬಳಿ ಹುಲ್ಲುಗಾವಲು ಕೊಂಡುಕೊಟ್ಟರೆಂದೂ, ಚರ್ನಿರೋಡ್ ಎಂಬ ಹೆಸರು ಅದರಿಂದ ಬಂದಿತೆಂದೂ ಊರಿನಲ್ಲಿ ಹೇಳಿಕೊಳ್ಳುವುದುಂಟು.

ಹೀಗೆ ಕೈ ಕೊಡುತ್ತಿದ್ದ ಕಾಲದಲ್ಲಿಯೇ ಅವರ ಚೀನ ವ್ಯಾಪಾರ ಕುಗ್ಗುತ್ತ ಬಂದುದು ಗಮನಾರ್ಹ. ಚೀನದ ಬಂದರುಗಳು ತೆರೆದವು, ಉಗಿಹಡಗುಗಳು ಬಂದವು, ಆದರೆ ಅದರ ಲಾಭ ಸಂದುದು ಬಹುಮಟ್ಟಿಗೆ ವಿಲಾಯತಿಯ ಪೇಢಿಗಳಿಗೆ. ಯಾವ ಯುದ್ಧದಿಂದ ಮುಂಬಯಿಯ ವರ್ತಕರಿಗೆ ನ್ಯಾಯ ದೊರೆಯಿತೆಂದು ಹೇಳಲಾಯಿತೋ ಅದೇ ಯುದ್ಧ ಅವರ ಸ್ಥಾನವನ್ನು ಎರಡನೆಯದಾಗಿ ಮಾಡಿತು. ಇತ್ತ ಸಿಂಧ್ ಪ್ರಾಂತವನ್ನು ಗೆದ್ದ ಕಂಪೆನಿಯು ಬೇರೆ ದಾರಿಗಳನ್ನು ಮುಚ್ಚಿ, ಮಾಳವದ ಅಫೀಮಿನ ರಹದಾರಿ ಶುಲ್ಕವನ್ನು ೧೮೪೭ರ ಹೊತ್ತಿಗೆ ಪೆಟ್ಟಿಗೆಗೆ ೪೦೦ ರೂಪಾಯಿಗೆ ಏರಿಸಿತು. ವರ್ತಕನ ಪಾಲು ಇಳಿದಂತೆ ಸರಕಾರದ ಪಾಲು ಏರಿತು.

೧೮೫೭ರಲ್ಲಿ ಜಮ್‌ಶೇಟ್‌ಜಿಯವರಿಗೆ ವಂಶಪಾರಂಪರ್ಯವಾದ ಬ್ಯಾರನೆಟ್ ಪದವಿ ಬಂದಿತು. ಅದನ್ನು ಪಡೆದ ಮೊದಲ ಭಾರತೀಯರೂ ಅವರೇ. ೧೮೫೯ರ ಏಪ್ರಿಲ್ ೧೪ರಂದು, ೭೫ ವರ್ಷ ತುಂಬಿದ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ಕಾಲವಾದರು. ಅಷ್ಟರಲ್ಲಿ ಅವರ ದಾನದ ಮೊತ್ತ ೨,೩೦,೦೦೦ ಪೌಂಡುಗಳನ್ನು ಮೀರಿತ್ತೆಂದು ಅಂದಾಜು ಮಾಡಿದ್ದಾರೆ. ಪದವಿಗೆ ಬಂದ ಉತ್ತರಾಧಿಕಾರಿಗಳೆಲ್ಲರೂ ತಮ್ಮ ಹೆಸರನ್ನು ಬಿಟ್ಟು ಜಮ್‌ಶೇಟ್‌ಜಿ ಜೀಜೀಭಾಯಿ ಎಂಬ ಹೆಸರನ್ನೇ ಧರಿಸುವಂತೆ ಕಾಯಿದೆಯಾಯಿತು.

ಎರಡು ಮಗ್ಗುಲು

ಅತ್ತ ಲಿನ್ ಜೆಶು ಅವರ ಗತಿ ಏನಾಯಿತು? ಯುದ್ಧದ ಅಪಜಯಕ್ಕೆ ಅವರನ್ನೇ ಹೊಣೆ ಮಾಡಿ, ಚಕ್ರವರ್ತಿಯು ಪದವಿಯಿಂದ ಇಳಿಸಿ ದೂರದ ಇಲಿ ಪ್ರಾಂತಕ್ಕೆ ಗಡೀಪಾರು ಮಾಡಿದನು. ಅನಂತರ ಮರಳಿ ಕರೆಸಿಕೊಂಡರೂ ೧೮೫೦ರಲ್ಲಿ ಅವರು ತೀರಿಕೊಂಡರು. ಬಿರುದು ದೊರೆತುದು ಅಫೀಮು ಕಳಿಸಿದವರಿಗೆ, ಗಡೀಪಾರು ದೊರೆತುದು ಅದನ್ನು ತಡೆದವರಿಗೆ. ಆದರೆ ಇಂದು ಪೀಕಿಂಗಿನ ತಿಯಾನ್‌ಆನ್‌ಮೆನ್ ಚೌಕದಲ್ಲಿರುವ ವೀರಸ್ಮಾರಕದ ಕಲ್ಲಿನಲ್ಲಿ ಕೆತ್ತಿರುವ ಮೊದಲ ದೃಶ್ಯ ಹೂಮೆನ್ನಿನಲ್ಲಿ ಅಫೀಮನ್ನು ನಾಶಪಡಿಸಿದುದೇ. ಒಂದೇ ಸರಕಿನ ನೆನಪು ಪೀಕಿಂಗಿನಲ್ಲಿ ಒಂದು ಕಲ್ಲಾಗಿ, ಮುಂಬಯಿಯಲ್ಲಿ ಇನ್ನೊಂದು ಕಲ್ಲಾಗಿ ನಿಂತಿದೆ.

ಅಂದಿನ ಕಾಲದಲ್ಲಿ ಇದು ತಪ್ಪೆಂದು ಯಾರಿಗೂ ತೋರಿರಲಿಲ್ಲವೆಂದು ಹೇಳಿ ನಾವು ಪಾರಾಗಲಾರೆವು. ಕ್ಯಾಂಟನ್ನಿನ ಅದೇ ಬೀದಿಯಲ್ಲಿದ್ದ 'ಆಲಿಫಂಟ್' ಎಂಬ ಅಮೆರಿಕನ್ ಪೇಢಿಯವರು ಅಫೀಮನ್ನು ಮುಟ್ಟುವುದಿಲ್ಲವೆಂದು ದೃಢವಾಗಿ ನಿಂತು, ನೆರೆಯವರ ಹಾಸ್ಯವನ್ನು ಸಹಿಸಿ, ಬೇರೆ ಸರಕಿನಲ್ಲಿಯೇ ವ್ಯಾಪಾರ ನಡೆಸಿದರು. ಲಾಭ ಕಡಿಮೆಯಾದರೂ ಬದುಕಬಹುದೆಂಬುದಕ್ಕೆ ಅವರೇ ಸಾಕ್ಷಿ. ಹಾಗೆಂದು ಜಮ್‌ಶೇಟ್‌ಜಿಯವರ ದಾನವನ್ನು ಬರಿಯ ಪ್ರಾಯಶ್ಚಿತ್ತವೆಂದೋ ಬೂಟಾಟಿಕೆಯೆಂದೋ ತಳ್ಳಿಹಾಕುವುದೂ ನ್ಯಾಯವಲ್ಲ. ಅದೇ ವ್ಯಾಪಾರದಲ್ಲಿ ಅದಕ್ಕಿಂತ ಹೆಚ್ಚು ಗಳಿಸಿದ ಎಷ್ಟೋ ಮಂದಿ ಸ್ಕಾಟ್ಲೆಂಡಿನಲ್ಲಿ ಅರಮನೆ ಕಟ್ಟಿಸಿಕೊಂಡು ಸುಖವಾಗಿ ಸತ್ತರು. ಇವರು ತಾವು ಗಳಿಸಿದ ಊರಿಗೇ ಗಳಿಕೆಯ ದೊಡ್ಡ ಪಾಲನ್ನು ಮರಳಿಸಿದರು. ಚೀನದಲ್ಲಿ ಅಫೀಮಿನಿಂದ ಹಾಳಾದ ಸಂಸಾರಕ್ಕೆ ಅದರಿಂದ ಪರಿಹಾರ ದೊರೆಯಲಿಲ್ಲ. ಭಾಯಖಳಾದಲ್ಲಿ ಸಾಯಬೇಕಿದ್ದ ಬಡವನು ಅದರಿಂದ ಬದುಕಿಕೊಂಡನು. ಈ ಎರಡು ಮಾತೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಈ ಲೇಖಕನೂ ಹಲವು ವರ್ಷ ಹೋಟೆಲಿನ ಗಲ್ಲಾದ ಹಿಂದೆ ಕುಳಿತವನೇ. ತೂಕ ಸರಿಯಾಗಿರಬೇಕು, ಸಾಲ ಹೊತ್ತಿಗೆ ತೀರಬೇಕು, ಕೊಟ್ಟ ಮಾತು ಉಳಿಯಬೇಕು, ಇಷ್ಟಿದ್ದರೆ ವ್ಯಾಪಾರಿಯ ಧರ್ಮ ಮುಗಿಯಿತೆಂದು ನಮ್ಮ ಹಿರಿಯರು ನಮಗೆ ಕಲಿಸಿದರು. ಜಮ್‌ಶೇಟ್‌ಜಿಯವರಲ್ಲಿ ಈ ಮೂರೂ ಇದ್ದವು. ಇಲ್ಲದಿದ್ದರೆ ಅವರ ಪೇಢಿ ಅಷ್ಟು ಕಾಲ ಬಾಳುತ್ತಿರಲಿಲ್ಲ. ಆದರೆ ಮಾರುವ ಸರಕು ಕೊಂಡವನ ಮನೆಗೆ ಹೋಗಿ ಏನು ಮಾಡುತ್ತದೆಂಬ ನಾಲ್ಕನೆಯ ಪ್ರಶ್ನೆಯೊಂದುಂಟು. ಸರಕಾರದ ಪರವಾನಗಿ ಆ ಪ್ರಶ್ನೆಗೆ ಉತ್ತರವಲ್ಲವೆಂಬುದನ್ನು ೧೮೩೯ರ ಜಪ್ತಿ ತೋರಿಸಿಕೊಟ್ಟಿತು. ಪರವಾನಗಿ ಕೊಟ್ಟ ಸರಕಾರವೇ ಕಷ್ಟಕಾಲದಲ್ಲಿ ಆ ಕಾಗದವನ್ನು ಗುರುತಿಸಲಿಲ್ಲ; ಗುರುತಿಸಿದಾಗ ಅದರ ಬೆಲೆಯನ್ನು ಇನ್ನೊಂದು ದೇಶದ ಬಡವರಿಂದ ಕಿತ್ತುಕೊಟ್ಟಿತು.

ನಮ್ಮವರಾರಾದರೂ ನಾಳೆ ಜೇಜೇ ಆಸ್ಪತ್ರೆಯಲ್ಲಿ ಗುಣಹೊಂದಿ ಹೊರಬರುವಾಗ ಆ ಹೆಸರಿಗೆ ಕೈಮುಗಿಯಲಿ. ಅದು ಸಲ್ಲತಕ್ಕ ವಂದನೆಯೇ. ಅದರ ಜೊತೆಗೆ, ಆ ಗೋಡೆಗೆ ಹಣ ತೆತ್ತ ಹೆಸರಿಲ್ಲದ ಚೀನೀಯರನ್ನೂ ಒಂದು ಕ್ಷಣ ನೆನೆಯಲಿ. ಜಮೆ ಮತ್ತು ಖರ್ಚುಗಳೆರಡನ್ನೂ ಓದಿದಾಗಲೇ ಖಾತೆ ಸರಿಹೋಗುವುದು.